ಮಗನ ಕೌನ್ಸೆಲಿಂಗ್‌ಗೆ ಮನೆಮಂದಿಯೆಲ್ಲ ಬರಬೇಕಂತೆ, ಯಜಮಾನರು ಒಪ್ತಿಲ್ಲ. ಏನು ಮಾಡಲಿ?

ಕತ್ರಿಗುಪ್ಪೆ ಅಮ್ಮ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬೇರೆಯವರು ಬರೆದಿದ್ದನ್ನ ಓದ್ಕೊಂಡು ಸುಮ್ಮನಿದ್ದೆ. ಇವತ್ತು ನಮ್ಮನೆ ವಿಷಯ ಬರೀತಿದ್ದೀನಿ. ದಯವಿಟ್ಟು ಬೈಬೇಡಿ, ಬೈಸಿಕೊಳ್ಳೋ ಶಕ್ತಿ ಈಗ ಇಲ್ಲ.

ಮಗನಿಗೆ 17. ಸೆಕೆಂಡ್ ಪಿಯುಸಿ, ಸೈನ್ಸ್. ಎರಡು ತಿಂಗಳ ಹಿಂದೆ ಅವನ ಬ್ಯಾಗ್ ಒಗೆಯೋಣ ಅಂತ ಖಾಲಿ ಮಾಡ್ತಿದ್ದೆ. ಪೆನ್ನಿನ ಪೌಚ್ ಒಳಗೆ ಗಟ್ಟಿ ಕಾಗದದ ಸಣ್ಣ ಸಣ್ಣ ಸುರುಳಿ ಆರೇಳು ಸಿಕ್ಕವು. ಬಿಡಿಸಿ ನೋಡಿದ್ರೆ ನಮ್ಮ ಯಜಮಾನರ ಪ್ಲೈವುಡ್ ಅಂಗಡಿ ವಿಸಿಟಿಂಗ್ ಕಾರ್ಡು. ಉದ್ದುದ್ದ ಕತ್ತರಿಸಿ ಸುತ್ತಿ ಇಟ್ಟಿದ್ದಾನೆ. ಒಂದರ ಮೇಲೆ ಇವರ ಫೋನ್ ನಂಬರಿನ ಕೊನೇ ನಾಲ್ಕು ಅಂಕಿ ಹಾಗೇ ಉಳಿದಿತ್ತು. ಯಾತಕ್ಕೆ ಅಂತ ನನಗೆ ತಿಳೀಲೇ ಇಲ್ಲ. ಮಗಳನ್ನ ಕರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮ, ಗಾಂಜಾ ಸುತ್ತುವಾಗ ತುದಿಗೆ ಇದನ್ನ ಇಡ್ತಾರೆ" ಅಂದಳು.

ಆಮೇಲೆ ಆಗಬಾರದ್ದೆಲ್ಲ ಆಯ್ತು. ಇವರು ಕೈ ಎತ್ತಿದರು, ಅವನು ಎರಡು ದಿನ ಊಟ ಬಿಟ್ಟ, ಫೋನ್ ಒಡೆದುಹೋಯ್ತು. ಒಂದೂವರೆ ವರ್ಷದಿಂದ ಇದೆ ಅಂತ ಅವನೇ ಒಪ್ಕೊಂಡ. ಗುರುತಿನವರೊಬ್ಬರು ಹೇಳಿದ್ದಕ್ಕೆ ಮನೋವೈದ್ಯರ ಹತ್ರ ಹೋದ್ವಿ. ಅವರು ಪರೀಕ್ಷೆ ಮಾಡಿ ಕೌನ್ಸೆಲರ್ ಹತ್ರ ಕಳಿಸಿದರು. ಎರಡು ಸಲ ಹೋಗಿಬಂದ. ಮೂರನೇ ಸಲಕ್ಕೆ ಆ ಮೇಡಂ, "ಅಮ್ಮ, ಇನ್ಮೇಲೆ ಮನೆಯವರೂ ಬರಬೇಕು. ನೀವು, ಯಜಮಾನರು, ಮಗಳು, ಆಮೇಲೆ ಒಂದಿನ ಅಜ್ಜಿ ಕೂಡ" ಅಂದ್ರು.

ಇವರಿಗೆ ಹೇಳಿದ್ರೆ, "ಸೇದಿದವನು ಅವನು. ನಾನು ಹೋಗಿ ಅಲ್ಲಿ ಏನ್ ಕೂತ್ಕೊಳ್ಳಲಿ? ದುಡ್ಡು ಎಷ್ಟು ಬೇಕೋ ಕೊಡ್ತೀನಿ, ನೀನು ಕರ್ಕೊಂಡು ಹೋಗು" ಅಂತಾರೆ. ನಮ್ಮತ್ತೆ ಇದೆಲ್ಲ ಕಣ್ಣುದೃಷ್ಟಿ ಅಂತ ಮೆಣಸಿನಕಾಯಿ ಇಳಿ ತೆಗೀತಾರೆ. ನಮಗೆ ಕಾಣದ ಹಾಗೆ ಅವನ ಕೈಗೆ ಇನ್ನೂರು ಮುನ್ನೂರು ತುರುಕ್ತಾರೆ.

ಇನ್ನೊಂದು ಸಂಕಟ. ಒಳಗೆ ಅವನು ಏನು ಹೇಳ್ದ ಅಂತ ಕೇಳಿದ್ರೆ ಮೇಡಂ ಹೇಳಲ್ಲ. ಹೆತ್ತ ತಾಯಿಗೂ ಹೇಳಬಾರದಾ? ಇಡೀ ಮನೆ ಹೋಗಿ ಕೂರೋದರಿಂದ ನಿಜವಾಗಿ ಏನಾದ್ರೂ ಆಗುತ್ತಾ? ಅನುಭವ ಇದ್ದವರು ಹೇಳಿ.


ವಿಜಯನಗರದ ಅಪ್ಪ · ಸೋಮವಾರ ರಾತ್ರಿ

ಅಕ್ಕಾ, ನಿಮ್ಮ ಯಜಮಾನರ ಜಾಗದಲ್ಲಿ ನಾಲ್ಕು ವರ್ಷದ ಹಿಂದೆ ನಾನಿದ್ದೆ. ಇದೇ ಮಾತು ನಾನೂ ಆಡಿದ್ದೆ, ಅದಕ್ಕೇ ಬರೀತಿದ್ದೀನಿ.

ನನ್ನ ಮಗನಿಗೆ ಆಗ 16. ಮೊದಲು ಹ್ಯಾನ್ಸು ಅನ್ನೋ ತಂಬಾಕು, ಆಮೇಲೆ ಸೊಪ್ಪು ಅಂದ್ರೆ ಗಾಂಜಾ, ಆಮೇಲೆ ಮಾತ್ರೆ. ನಾನು ಯಾರೋ ಹೇಳಿದ್ದು ಕೇಳಿ ಊರಾಚೆ ಒಂದು ಕೇಂದ್ರಕ್ಕೆ ಮೂರು ತಿಂಗಳು ಬಿಟ್ಟೆ. ದುಡ್ಡು ಕಟ್ಟಿದೆ, ಗೇಟ್ ಹಾಕಿದರು, ನನ್ನ ಕೆಲಸ ಮುಗೀತು ಅಂದ್ಕೊಂಡೆ. ಫೋನ್ ಮಾಡಿದ್ರೆ ಕೊಡ್ತಿರಲಿಲ್ಲ, "ಚೆನ್ನಾಗಿದ್ದಾನೆ ಸಾರ್" ಅಂತ ಅವರೇ ಹೇಳಿ ಇಟ್ಟುಬಿಡೋರು. ಅದಕ್ಕೆ ಸರ್ಕಾರದ ನೋಂದಣಿಯೇ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಅಲ್ಲಿ ಅವನಿಗೆ ಏನೇನಾಯ್ತು ಅಂತ ಬರೆಯೋಕೆ ನನ್ನ ಕೈಲಿ ಆಗಲ್ಲ. ಹನ್ನೊಂದು ಕೆಜಿ ಇಳಿದು ಮನೆಗೆ ಬಂದ. ಹದಿನೈದು ದಿನ ತುಂಬೋ ಮೊದಲೇ ಮತ್ತೆ ಶುರುವಾಯ್ತು. ಯಾಕಂದ್ರೆ ಅವನು ವಾಪಸ್ ಬಂದಿದ್ದು ಅದೇ ಮನೆಗೆ, ಅದೇ ಅಪ್ಪನ ಹತ್ರ.

ಎರಡನೇ ಸಲ ಸರಿಯಾದ ಕಡೆ ಹೋದ್ವಿ. ಅಲ್ಲಿ ಕೌನ್ಸೆಲರ್ ನಮ್ಮನ್ನ ಮಾತಾಡಿಸಲೇ ಇಲ್ಲ ಮೊದಲು. "ಸಂಜೆ ಅವನು ಮನೆಗೆ ಬಂದಾಗ ಏನಾಗುತ್ತೆ, ಇಲ್ಲಿ ಮಾಡಿ ತೋರಿಸಿ" ಅಂದರು. ನನಗೆ ನಾಚಿಕೆ. ಆದ್ರೂ ಎದ್ದು ನಿಂತೆ. ಅವನು ರೂಮಿನ ಆ ಕಡೆಯಿಂದ ಬಂದ. ನಾನು ಅಭ್ಯಾಸದಂತೆ ಎರಡು ಕೈ ಚೌಕಟ್ಟಿಗೆ ಕೊಟ್ಟು ಬಾಗಿಲಲ್ಲಿ ನಿಂತೆ. ದಿನಾ ಹಾಗೇ ನಿಲ್ತಿದ್ದೆ, ಬಾಯಿ ಊದಿಸಿ ವಾಸನೆ ನೋಡೋಕೆ. ನನ್ನ ಹೆಂಡತಿ ಹಿಂದೆ ನಿಂತು ಅವನಿಗೆ ಕಣ್ಸನ್ನೆ ಮಾಡಿದಳು, "ಏನೂ ಮಾತಾಡಬೇಡ" ಅಂತ. ಚಿಕ್ಕವಳು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ ಹಾಗೆ ಮೂಲೆಗೆ ಸರಿದಳು. ನಾಲ್ಕು ಜನ ಯಾರೂ ಯಾರಿಗೂ ಹೇಳಿಕೊಡದೆ ದಿನಾ ಸಂಜೆ ಮಾಡೋದನ್ನೇ ಮಾಡಿದ್ವಿ. ಅವರು ನನ್ನನ್ನ ಕೇಳಿದ್ದು ಒಂದೇ: "ಸರ್, ನೀವು ಹೀಗೆ ನಿಂತ್ರೆ ಅವನು ಒಳಗೆ ಬರೋದು ಎಲ್ಲಿಂದ?"

ಅವತ್ತಿನಿಂದ ನಾನು ಸಂಜೆ ಬಾಗಿಲಿಗೆ ಹೋಗೋದು ಬಿಟ್ಟೆ. ಆರು ಗಂಟೆಗೆ ಅಡುಗೆಮನೇಲಿ ಕಾಫಿ ಸೋಸ್ಕೊಂಡು ಇರ್ತಿದ್ದೆ. ಮೊದಲ ಎರಡು ವಾರ ಅವನು ನೇರ ರೂಮಿಗೆ ಹೋದ. ಆಮೇಲೆ ಬಂದು ಲೋಟ ತಗೊಂಡ. ಅಷ್ಟೇ, ಮಾತಿಲ್ಲ. ಆದ್ರೆ ಲೋಟ ತಗೊಂಡ.

ಯಜಮಾನರಿಗೆ ಒಬ್ಬ ಗಂಡಸಿನ ಹತ್ರ ಮಾತಾಡಬೇಕು ಅನ್ನಿಸಿದ್ರೆ ನನಗೆ ಮೆಸೇಜ್ ಮಾಡಲಿ. ಅಂಗಡಿ ಮುಚ್ಚೋ ಹೊತ್ತಿಗೆ ನಾನೇ ಬರ್ತೀನಿ.


ಆಪ್ತಸಮಾಲೋಚಕಿ, ಬೆಂಗಳೂರು ದಕ್ಷಿಣ · ಮಂಗಳವಾರ ಬೆಳಗ್ಗೆ

ಇದೇ ಕೆಲಸದಲ್ಲಿ 14 ವರ್ಷ ಇದ್ದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲು ನಿಮ್ಮ ಎರಡನೇ ಪ್ರಶ್ನೆ. ಮೇಡಂ ಹೇಳದೇ ಇರೋದು ಸರಿಯಾಗೇ ಇದೆ. ಇಲ್ಲಿ ಹೇಳಿದ್ದು ರಾತ್ರಿ ಊಟದ ಹೊತ್ತಿಗೆ ಮನೆಗೆ ತಲುಪುತ್ತೆ ಅಂತ ಹುಡುಗನಿಗೆ ಗೊತ್ತಾದ್ರೆ ಮುಂದಿನ ವಾರದಿಂದ ಅವನು ಬಾಯಿ ಬಿಡಲ್ಲ. ಆದರೆ ಇದಕ್ಕೂ ಒಂದು ಗಡಿ ಇದೆ. ಜೀವ ಕಳ್ಕೊಳ್ಳೋ ಯೋಚನೆ, ಅಪಾಯ ಆಗೋಷ್ಟು ತಗೊಳ್ಳೋದು, ಯಾರಾದ್ರೂ ಅವನಿಗೆ ದೌರ್ಜನ್ಯ ಮಾಡ್ತಿರೋದು, ಅವನಿಂದ ಬೇರೆಯವರಿಗೆ ಅಪಾಯ ಇರೋದು, ಇಂಥದ್ದು ಬಂದ್ರೆ ನಾವು ಮುಚ್ಚಿಡಲ್ಲ. ಈ ಗಡಿಯನ್ನ ಮೊದಲ ದಿನವೇ ಹುಡುಗ ಮತ್ತು ತಂದೆತಾಯಿ ಇಬ್ಬರ ಎದುರಿಗೂ ಹೇಳಬೇಕು. ನಿಮ್ಮ ಮೇಡಂ ಹೇಳಿರದಿದ್ರೆ ನೀವೇ ಕೇಳಿ, ತಪ್ಪಿಲ್ಲ.

ಇನ್ನು ಮನೆಯವರು ಯಾಕೆ ಅಂತ. 17ರ ಹುಡುಗ ವಾರದಲ್ಲಿ ನಮ್ಮ ಜೊತೆ ಇರೋದು ಮುಕ್ಕಾಲು ಗಂಟೆ, ಉಳಿದಿದ್ದೆಲ್ಲ ನಿಮ್ಮ ಜೊತೆ. ಅವನ ಕೈಗೆ ದುಡ್ಡು ಬರೋದು, ನಿದ್ದೆ ಕೆಡೋದು, ಜಗಳ ಆಗಿ ಚಪ್ಪಲಿ ಮೆಟ್ಟಿ ಬೇಕರಿ ಕಡೆ ಹೊರಡೋದು, ಎಲ್ಲ ಆಗೋದು ಮನೇಲಿ. ಮುಂದಾಲೋಚನೆ ಮಾಡಿಸೋ, ಆಸೆ ತಡೆಯೋ ಮಿದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೀತಾ ಇರುತ್ತೆ. ಹಾಗಿರುವಾಗ ಬರೀ ಅವನ ಮನಸ್ಸಿನ ಗಟ್ಟಿತನದ ಮೇಲೆ ಭಾರ ಹಾಕಿ ಕೂತ್ರೆ ಹೇಗೆ?

ಇದು ಹೊರದೇಶದಿಂದ ಬಂದ ಫ್ಯಾಷನ್ ಅಂತ ಕೆಲವು ಅಪ್ಪಂದಿರು ನನ್ನ ಮುಂದೆ ಹೇಳಿದ್ದಾರೆ. ಅಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನ ಜೊತೆಯಲ್ಲೇ ಉಳಿಸಿಕೊಂಡ್ರು. ಆಮೇಲೆ ವೆಲ್ಲೂರಲ್ಲಿ, ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಅದೇ ದಾರಿ ಬೆಳೀತು. ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೇ ಅಂತ ಪ್ರತ್ಯೇಕ ಫ್ಯಾಮಿಲಿ ಸೈಕಿಯಾಟ್ರಿ ಕೇಂದ್ರ ಇದೆ, ಚಟದ ಚಿಕಿತ್ಸೆಗೆ ಬೇರೆ ಕೇಂದ್ರ ಇದೆ. ಚೆನ್ನೈನಲ್ಲಿ ಶಾಂತಿ ರಂಗನಾಥನ್ ಅವರು ಗಂಡನನ್ನ ಕುಡಿತಕ್ಕೆ ಕಳ್ಕೊಂಡ ಮೇಲೆ 1980ರಲ್ಲಿ ಚಿಕಿತ್ಸಾ ಕೇಂದ್ರ ಕಟ್ಟಿದರು. ಅಲ್ಲಿ ಮನೆಯವರಿಗೂ ತರಬೇತಿ ಚಿಕಿತ್ಸೆಯ ಭಾಗವೇ. ಅಮೆರಿಕದಲ್ಲಿ ಹದಿಹರೆಯದವರ ಚಟಕ್ಕೇ ಅಂತ ಕುಟುಂಬ ಚಿಕಿತ್ಸೆಯ ಪದ್ಧತಿಗಳನ್ನ ದಶಕಗಳಿಂದ ಪರೀಕ್ಷೆ ಮಾಡಿ ನೋಡಿದ್ದಾರೆ. ಈ ವಯಸ್ಸಿಗೆ ಚೆನ್ನಾಗಿ ಹಿಡಿಯೋ ಚಿಕಿತ್ಸೆಗಳಲ್ಲಿ ಅದೂ ಒಂದು ಅನ್ನೋದು ಮತ್ತೆ ಮತ್ತೆ ಕಂಡಿದೆ.

ಮನೆಯವರು ತಿಳ್ಕೊಂಡಿರಬೇಕಾದ ಎರಡು ವಿಷಯ, ಇವುಗಳಿಂದಲೇ ಎಷ್ಟೋ ಮನೇಲಿ ಕೆಲಸ ಕೆಡುತ್ತೆ. ದಿನಾ ಗಾಂಜಾ ಸೇದ್ತಿದ್ದವನು ನಿಲ್ಲಿಸಿದ ಒಂದೆರಡು ದಿನಕ್ಕೆ ಸಿಡಿಮಿಡಿ ಶುರುವಾಗುತ್ತೆ. ನಿದ್ದೆ ಬರಲ್ಲ, ಬಂದ್ರೆ ಕೆಟ್ಟ ಕನಸು, ಊಟ ಸೇರಲ್ಲ. ಮೊದಲ ವಾರ ಜಾಸ್ತಿ, ನಿದ್ದೆಯ ತೊಂದರೆ ಇನ್ನೂ ಕೆಲವು ವಾರ ಎಳೆಯಬಹುದು. ಅದನ್ನ ನೋಡಿ ಅಪ್ಪ "ಸೊಕ್ಕು" ಅಂತಾರೆ, ಅಮ್ಮ "ಮತ್ತೆ ಶುರು ಮಾಡಿದ್ದಾನೆ" ಅಂತ ಅಳ್ತಾರೆ. ಅವನು ನಿಜವಾಗಿ ಬಿಟ್ಟಿರೋದರ ಗುರುತು ಅದು! ಎರಡನೇದು, ಮೆಡಿಕಲ್ ಶಾಪಿಂದ ಮೂತ್ರ ಪರೀಕ್ಷೆ ಕಿಟ್ ತಂದು ಮನೇಲೇ ಮಾಡಿಸೋರು. ದಿನಾ ತಗೊಳ್ತಿದ್ದವರಲ್ಲಿ ಬಿಟ್ಟು ಮೂರ್ನಾಲ್ಕು ವಾರ ಆದ್ರೂ ಪಾಸಿಟಿವ್ ಬರಬಹುದು. ಇಪ್ಪತ್ತು ದಿನ ಹಲ್ಲು ಕಚ್ಚಿ ಇದ್ದ ಹುಡುಗನಿಗೆ "ಸುಳ್ಳ" ಅಂತ ಮುಖಕ್ಕೆ ಹೇಳಿದ್ರೆ ಅವನು ಇಪ್ಪತ್ತೊಂದನೇ ದಿನ ಯಾರಿಗೋಸ್ಕರ ಇರಬೇಕು? ಪರೀಕ್ಷೆ ಬೇಕಿದ್ರೆ ವೈದ್ಯರು ಮಾಡಿಸಲಿ, ಅವನಿಗೆ ಹೇಳಿಯೇ ಮಾಡಿಸಲಿ.

ಇನ್ನೊಂದು ಮಾತು. ಈ ವಯಸ್ಸಿನವರಲ್ಲಿ ಚಟದ ಹಿಂದೆ ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರೋದು ಅಪರೂಪವಲ್ಲ. ಮೊದಲು ಮನೋವೈದ್ಯರಿಗೆ ತೋರಿಸಿದ್ದು ಒಳ್ಳೇ ಕೆಲಸ ಮಾಡಿದ್ದೀರಿ.

ಅಜ್ಜಿಯನ್ನ ಖಂಡಿತ ಕರೆತನ್ನಿ. ಬೈಯ್ಯೋಕಲ್ಲ. ಆ ಇನ್ನೂರು ರೂಪಾಯಿ ಅವರಿಗೆ ಪ್ರೀತಿ. ಅದೇ ಪ್ರೀತಿಯನ್ನ ಬೇರೆ ರೀತಿ ಕೊಡೋದು ಹೇಗೆ ಅಂತ ಅವರ ಜೊತೆ ಕೂತು ಹುಡುಕಬೇಕು.


ಹೆಸರು ಬೇಡ · ಮಂಗಳವಾರ ಮಧ್ಯಾಹ್ನ

ಎಲ್ಲರೂ ಮನೆಯವರು ಬರಲೇಬೇಕು ಅಂತಿದ್ದೀರಿ. ನಾನು ಒಪ್ಪಲ್ಲ.

ನಾನು ಹುಡುಗಿ, ಈಗ 26. ಹದಿನೈದರಲ್ಲಿ ವೈಟ್ನರ್ ಮೂಸೋಕೆ ಶುರು ಮಾಡಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ನನ್ನ ತಂದೆ ಬೆಲ್ಟಿನಲ್ಲಿ ಹೊಡೀತಿದ್ದರು, ನನಗೂ ಅಮ್ಮನಿಗೂ. ಕಾಲೇಜಿನವರು ಕೌನ್ಸೆಲಿಂಗ್‌ಗೆ ಕಳಿಸಿದಾಗ ಅಲ್ಲಿದ್ದವರು ಎರಡನೇ ದಿನವೇ ತಂದೆಯನ್ನ ಕರೆಸಿ ಪಕ್ಕದಲ್ಲಿ ಕೂರಿಸಿ "ಮನಸ್ಸು ಬಿಚ್ಚಿ ಮಾತಾಡಮ್ಮ" ಅಂದರು. ಮಾತಾಡಿದೆ. ಆ ರಾತ್ರಿ ಮನೇಲಿ ಒಂದೊಂದು ಮಾತಿಗೂ ಲೆಕ್ಕ ತೆಗೆದರು. ಮತ್ತೆ ನಾನು ಯಾವ ಕೌನ್ಸೆಲರ್ ಹತ್ರನೂ ಆರು ವರ್ಷ ಹೋಗಲಿಲ್ಲ.

ನನ್ನನ್ನ ಉಳಿಸಿದ್ದು ನನ್ನ ದೊಡ್ಡಮ್ಮ. ಅವರ ಮನೇಲಿದ್ದು ಪದವಿ ಮುಗಿಸಿದೆ. ಕುಟುಂಬ ಅಂದ್ರೆ ರೇಷನ್ ಕಾರ್ಡಿನಲ್ಲಿ ಹೆಸರಿರೋರು ಮಾತ್ರ ಅಲ್ಲ.


ಆಪ್ತಸಮಾಲೋಚಕಿ, ಬೆಂಗಳೂರು ದಕ್ಷಿಣ · ಮಂಗಳವಾರ ಸಂಜೆ

ನೀವು ಬರೆದಿದ್ದನ್ನ ಎರಡು ಸಲ ಓದಿದೆ. ನಿಮಗೆ ಆಗಿದ್ದು ನಮ್ಮ ವೃತ್ತಿಯವರ ತಪ್ಪು. ಮನೇಲಿ ಹೊಡೆತ ಇದೆಯಾ, ಬೇರೆ ರೀತಿಯ ದೌರ್ಜನ್ಯ ಇದೆಯಾ ಅಂತ ಮಗುವನ್ನ ಒಬ್ಬಳೇ ಕೂರಿಸಿ ಕೇಳದೆ ಯಾರನ್ನೂ ಒಳಗೆ ಕರೀಬಾರದು. ಇದ್ದರೆ ಆ ವ್ಯಕ್ತಿಯನ್ನ ಸೇರಿಸಿ ಸೆಷನ್ ಮಾಡಲೇಬಾರದು, ಮೊದಲು ಮಗುವಿನ ರಕ್ಷಣೆ. ಅಂಥ ಕಡೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ನಿಮ್ಮ ಕೊನೇ ಸಾಲು ಕೂಡ ಸತ್ಯ. ನನ್ನ ಹತ್ರ ಬಂದ ಒಬ್ಬ ಹುಡುಗನ ಪರವಾಗಿ ವಾರ ತಪ್ಪದೆ ಬಂದಿದ್ದು ಅವನ ಫುಟ್‌ಬಾಲ್ ಕೋಚ್.

ಕತ್ರಿಗುಪ್ಪೆ ಅಮ್ಮ, ಇದನ್ನ ನಿಮಗೂ ಕೇಳಲೇಬೇಕು, ಬೇಜಾರಾಗಬೇಡಿ. ಯಜಮಾನರು ಕೈ ಎತ್ತಿದ್ದು ಆ ಒಂದು ದಿನವಾ, ಅಥವಾ ಮೊದಲಿಂದ ಇದೆಯಾ? ಇಲ್ಲಿ ಬರೀಬೇಡಿ. ನಿಮ್ಮ ಕೌನ್ಸೆಲರ್‌ಗೆ ಮುಂಚೆಯೇ ಹೇಳಿಬಿಡಿ.


ಮೊದಲು ಮುಳುಗಿದ್ದೆ · ಮಂಗಳವಾರ ರಾತ್ರಿ

ಆಂಟಿ, ನನಗೆ ಈಗ 22. ನಿಮ್ಮ ಮಗನ ವಯಸ್ಸಲ್ಲಿ ನಾನೂ ಅದೇ. ಯಶವಂತಪುರದ ಕಡೆ ಕಾಲೇಜು. ಕ್ಲಾಸ್ ಬಂಕ್, ಬೇಕರಿ ಮುಂದೆ ಬೈಟು ಟೀ, ಅಲ್ಲಿಂದ ಸೀನಿಯರ್ ಒಬ್ಬನ ರೂಮು.

ಮನೆಯವರ ಜೊತೆ ಕೂರೋ ಮೊದಲ ಸೆಷನ್ ನನಗೆ ನರಕ ಆಗಿತ್ತು. ಅಪ್ಪ ಬಂದಿದ್ದೇ ನನ್ನ ತಪ್ಪಿನ ಪಟ್ಟಿ ಹೇಳೋಕೆ ಅನ್ನಿಸ್ತು. ಅವತ್ತು ಮಾತಾಡಿದ್ದು ನನ್ನ ತಂಗಿ. ಅವಳು ಆಗ ಏಳನೇ ಕ್ಲಾಸು. "ಅಣ್ಣನ ಬಗ್ಗೆ ಜಗಳ ಆದಾಗ ನನ್ನ ಹೋಮ್‌ವರ್ಕಿಗೆ ಯಾರೂ ಸಹಿ ಹಾಕಲ್ಲ, ನಾನೇ ಅಮ್ಮನ ಸಹಿ ಹಾಕ್ಕೊಂಡು ಹೋಗ್ತೀನಿ" ಅಂದಳು. ಅಷ್ಟೇ. ನನಗೆ ನೂರು ಜನ ಬುದ್ಧಿ ಹೇಳಿದ್ರು, ಯಾವುದೂ ನಾಟಿರಲಿಲ್ಲ. ಅವಳು ನನ್ನನ್ನ ಬೈಲಿಲ್ಲ ಕೂಡ. ಅದಕ್ಕೇ ಹೇಳೋದು, ಅಕ್ಕತಂಗಿಯರನ್ನ ಬಿಡಬೇಡಿ. ನಿಮ್ಮ ಮಗಳು ಆ ಕಾಗದ ನೋಡಿ ಏನಕ್ಕೆ ಅಂತ ಗುರುತು ಹಿಡಿದಳಲ್ಲ, ಆ ಮನೇಲಿ ಅವಳಿಗೂ ಏನೋ ಹೇಳೋದಿರುತ್ತೆ.

ಏನು ಸಹಾಯ ಆಗಲಿಲ್ಲ ಅಂತಾನೂ ಹೇಳ್ತೀನಿ. ಅಮ್ಮ ಮಾವನಿಗೆ, ಚಿಕ್ಕಮ್ಮನಿಗೆ ಎಲ್ಲರಿಗೂ ಫೋನ್ ಮಾಡಿ ಅತ್ಕೊಂಡು ಹೇಳಿದ್ದು. ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದೆ, ಪಕ್ಕದ ಎಲೆಯವರು ನನ್ನ ಕಣ್ಣು ಬಗ್ಗಿ ನೋಡಿದರು. ಪಾಯಸ ಬಡಿಸೋ ಮೊದಲೇ ಎದ್ದೆ. ಆಮೇಲೆ, ಫೋನಿನಲ್ಲಿ ಕಾಲ್ ರೆಕಾರ್ಡ್ ಹಾಕಿದ್ದು. ಅದು ಗೊತ್ತಾದ ದಿನ ನಾನು ಬೇಕು ಅಂತಲೇ ಸೇದಿದೆ.

ಸಹಾಯ ಆಗಿದ್ದು ಇದು. ಬಿಟ್ಟು 40 ದಿನ ಆಗಿತ್ತು, ಒಂದು ಬರ್ತ್‌ಡೇ ಪಾರ್ಟೀಲಿ ಜಾರಿದೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಹೊಡೆದ್ರೆ ಹೊಡೀಲಿ ಅಂತ. ಅವರು ಒಂದೆರಡು ನಿಮಿಷ ಸುಮ್ಮನಿದ್ರು. "ಊಟ ಮಾಡಿದ್ಯಾ?" ಅಂದರು. ಬೆಳಗ್ಗೆ ಅವರೇ ಕೌನ್ಸೆಲರ್‌ಗೆ ಫೋನ್ ಮಾಡಿ ಟೈಮ್ ತಗೊಂಡರು. ಒಂದು ಸಲ ಜಾರಿದ್ದಕ್ಕೆ "ಎಲ್ಲ ಮುಗೀತು" ಅಂತ ಅವತ್ತು ಅಂದಿದ್ರೆ ನಾನೂ ಮುಗೀತು ಅಂತಲೇ ಹೋಗ್ತಿದ್ದೆ. ಜಾರಿದ್ರೆ ಯಾರು ಏನು ಮಾಡಬೇಕು ಅಂತ ನಾವು ಮುಂಚೆಯೇ ಸೆಷನ್‌ನಲ್ಲಿ ಮಾತಾಡಿ ಇಟ್ಟಿದ್ವಿ. ಅಪ್ಪ ಅದನ್ನ ನೆನಪಿಟ್ಕೊಂಡಿದ್ದರು.


ವಕೀಲ, ಬಸವನಗುಡಿ · ಬುಧವಾರ ಬೆಳಗ್ಗೆ

ಮನೆಯವರು ಆಸ್ಪತ್ರೆಗೆ ಹೋಗೋಕೆ ಹಿಂಜರಿಯೋದು ಪೊಲೀಸ್ ಕೇಸ್ ಆಗುತ್ತೆ ಅನ್ನೋ ಭಯಕ್ಕೆ. ಅದಕ್ಕೆ ಚುಟುಕಾಗಿ ಬರೀತೀನಿ.

ಚಿಕಿತ್ಸೆಗೆ ಹೋಗೋದು ಅಪರಾಧ ಅಲ್ಲ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ತೊಂದರೆಗಳೂ ಸೇರಿವೆ, ರೋಗಿಯ ವಿಷಯ ಗೋಪ್ಯವಾಗಿರಬೇಕು ಅಂತಲೂ ಇದೆ. ಮಾದಕ ವಸ್ತುಗಳ ಬಗ್ಗೆ ಇರೋ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ತಗೊಂಡ್ರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಅರ್ಧಕ್ಕೇ ಬಿಟ್ಟರೆ ಅದು ಹೋಗಬಹುದು.

18ರ ಒಳಗಿನವರನ್ನ ದಾಖಲು ಮಾಡೋದಕ್ಕೆ ಅದೇ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ 87ನೇ ಕಲಂ ಇದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ದಾಖಲು. ದೊಡ್ಡವರಿಂದ ಪ್ರತ್ಯೇಕ ಜಾಗ ಕೊಡಬೇಕು, ಮನೆಯವರು ಅಥವಾ ಅವರು ನೇಮಿಸಿದವರು ಪೂರ್ತಿ ಅವಧಿ ಮಗುವಿನ ಜೊತೆ ಇರಬೇಕು. ಹೆಣ್ಣುಮಗುವಾದ್ರೆ ಜೊತೆಗೆ ಹೆಂಗಸರು ಇರಲೇಬೇಕು. ವಿಜಯನಗರದ ಸರ್, ನಿಮ್ಮ ಮಗನನ್ನ ನಿಮ್ಮಿಂದ ದೂರ ಇಟ್ಟು ಫೋನೂ ಕೊಡದೆ ಇಟ್ಕೊಂಡಿದ್ದು ಈ ಕಾನೂನಿಗೆ ಪೂರ್ತಿ ವಿರುದ್ಧ. ಯಾವ ಕೇಂದ್ರಕ್ಕೇ ಸೇರಿಸಲಿ, ನೋಂದಣಿ ಪತ್ರ ತೋರಿಸಿ ಅಂತ ಕೇಳಿ.

ಮಕ್ಕಳಿಗೆ ಇಂಥದ್ದನ್ನ ಕೊಟ್ಟವರ ಮೇಲೆ 2015ರ ಬಾಲನ್ಯಾಯ ಕಾಯ್ದೆ 77ನೇ ಕಲಂ ಅಡಿ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ ಇದೆ. ಕೊಟ್ಟವನು ಯಾರು ಅಂತ ಮಗನ ಬಾಯಿಂದ ಹೊಡೆದು ಬಡಿದು ಹೊರಡಿಸೋಕೆ ಹೋಗಬೇಡಿ. ಮೊದಲು ಮಗ ಹುಷಾರಾಗಲಿ.


ಹುಬ್ಬಳ್ಳಿ ಕಾಕಾ · ಬುಧವಾರ ರಾತ್ರಿ

ನಮ್ಮ ಅಣ್ಣನ ಮಗಾ ಇಲ್ಲಿ ಡಿಪ್ಲೊಮಾ ಓದಾಕತ್ತಾನ, ನಮ್ಮ ಮನ್ಯಾಗ ಇರತಾನ. ಅವಂಗ ಹಿಂಗ ಆದಾಗ ಅಣ್ಣಾ ವೈನಿ ಊರಾಗ. ಹೊಲಾ ಬಿಟ್ಟು ವಾರಾ ವಾರಾ ಬರಾಕ ಆಗೂದಿಲ್ಲ. ಮೂರು ವಾರ ನಾನು ನನ್ನ ಹೆಂಡತಿ ಹ್ವಾದ್ವಿ, ನಾಕನೇ ವಾರ ಅವರು ವಿಡಿಯೋ ಕಾಲಿನಾಗ ಕುಂತ್ರು. ನಮ್ಮಣ್ಣ ಹೊಲದಾಗ ಗಿಡದ ಬುಡಕ ಕುಂತು ಮಾತಾಡಿದಾ. "ನೀ ನಪಾಸಾದ್ರ ಊರಿಗೆ ಮಾರಿ ತೋರ್ಸಬ್ಯಾಡ ಅಂದಿದ್ನಲ್ಲ, ಅದು ನನ್ನ ತಪ್ಪು, ನೀ ಹೆಂಗಿದ್ರೂ ಬಾ" ಅಂದಾ. ಹುಡುಗ ಫೋನ್ ಹಿಡಕೊಂಡು ಗ್ವಾಡಿಗೆ ತಿರುಗಿ ನಿಂತಾ.

ತಂಗೀ, ನಿಮ್ಮ ಯಜಮಾನರು ಅಂಗಡ್ಯಾಗ ಬಿಜಿ ಇದ್ರ ಮೊದಲ ಒಂದು ಸಲ ಫೋನಿನಾಗರ ಕುಂಡ್ರಲಿ. ಆಮ್ಯಾಲ ತಾವಾಗೇ ಬರತಾರ.


ಇಬ್ಬರು ಮಕ್ಕಳ ತಾಯಿ, ರಾಜಾಜಿನಗರ · ಗುರುವಾರ

ಅಕ್ಕ, ಒಂದು ಮಾತು ಕೇಳ್ತೀನಿ. ಮನೇಲಿ ಬೇರೆ ಯಾರಾದ್ರೂ ಕುಡೀತಾರಾ, ಸೇದ್ತಾರಾ? ನಮ್ಮನೇಲಿ ಮಗನ ವೇಪ್ (ಇ-ಸಿಗರೇಟು) ಸಿಕ್ಕಾಗ ಇವರು ಕೂಗಾಡಿದರು. ಮಗ ಟಿವಿ ಶೋಕೇಸಿನ ಕೆಳಗಿನ ಬಾಗಿಲು ತೆಗೆದು ಇವರ ಬಾಟಲಿ ಹೊರಗಿಟ್ಟ. ಏನೂ ಮಾತಾಡಲಿಲ್ಲ. ಆಮೇಲಿಂದ ಕೂಗಾಟಕ್ಕೆ ಬೆಲೆಯೇ ಇರಲಿಲ್ಲ.


ಕತ್ರಿಗುಪ್ಪೆ ಅಮ್ಮ · ಗುರುವಾರ ರಾತ್ರಿ

ಎಲ್ಲರದ್ದೂ ಓದಿದೆ. ಅಳು ಬಂತು, ಆದ್ರೆ ಎರಡು ತಿಂಗಳಲ್ಲಿ ಮೊದಲ ಸಲ ಎದೆ ಹಗುರ ಆಯ್ತು.

ಇಲ್ಲಿ ಆಪ್ತಸಮಾಲೋಚಕಿ ಮೇಡಂ ಕೇಳಿದ್ದನ್ನ ನಮ್ಮ ಕೌನ್ಸೆಲರ್‌ಗೆ ಫೋನಿನಲ್ಲೇ ಹೇಳಿದ್ದೀನಿ. ರಾಜಾಜಿನಗರದ ಅಕ್ಕಾ, ಹೌದು. ಇವರು ಶನಿವಾರ ಶನಿವಾರ ಟೆರೇಸ್ ಮೇಲೆ ಎರಡು ಪೆಗ್ ಹಾಕ್ತಾರೆ, ಅದರ ಜೊತೆ ಸಿಗರೇಟು. ಅದನ್ನ ನಾನು ಯಾವತ್ತೂ ಚಟ ಅಂತ ಅಂದ್ಕೊಂಡಿರಲೇ ಇಲ್ಲ. ಮಗನಿಗೆ ಎಂಟು ವರ್ಷ ಇದ್ದಾಗಿಂದ ಅವನೇ ಫ್ರಿಜ್ಜಿಂದ ಐಸ್ ತಗೊಂಡು ಹೋಗಿ ಕೊಡ್ತಿದ್ದ. ಈಗ ಬರೆಯುವಾಗ ಕೈ ನಡುಗ್ತಿದೆ.

ವಿಜಯನಗರದ ಅಣ್ಣನ ನಂಬರ್ ಇವರಿಗೆ ಕೊಟ್ಟೆ. ಮಾತಾಡ್ತಾರೋ ಇಲ್ಲವೋ ಗೊತ್ತಿಲ್ಲ.


ಆಪ್ತಸಮಾಲೋಚಕಿ, ಬೆಂಗಳೂರು ದಕ್ಷಿಣ · ಶುಕ್ರವಾರ

ಆ ಐಸ್ ವಿಷಯಕ್ಕೆ ನಿಮ್ಮನ್ನ ನೀವು ಶಿಕ್ಷಿಸ್ಕೋಬೇಡಿ. ಅದನ್ನ ಹಾಗೇ ಸೆಷನ್‌ಗೆ ತಗೊಂಡು ಹೋಗಿ, ಅಷ್ಟೇ. ಮನೆಗೊಂದು ನಿಯಮ ಆದ್ರೆ ಅದು ಎಲ್ಲರಿಗೂ ಇರಬೇಕು ಅನ್ನೋ ಮಾತು ಅಲ್ಲಿಂದ ತಾನಾಗೇ ಬರುತ್ತೆ.

ಮನೇಲಿ ಮಾಡೋಕೆ ಒಂದು ಕೆಲಸ ಹೇಳ್ತೀನಿ. ಅವನು ಸರಿಯಾಗಿರೋ ಹೊತ್ತನ್ನ ಗಮನಿಸಿ, ಆಗ ಅವನ ಹತ್ರ ಹೋಗಿ. ನಾವೆಲ್ಲ ಮಗ ಕೆಟ್ಟಾಗ ಇಡೀ ಮನೆ ಅವನ ಸುತ್ತ ಸೇರ್ತೀವಿ, ಸರಿಯಾಗಿ ಊಟ ಮಾಡಿ ಓದ್ತಾ ಕೂತಾಗ "ಸದ್ಯ" ಅಂತ ಟಿವಿ ಮುಂದೆ ಹೋಗ್ತೀವಿ. ಇದನ್ನ ತಿರುಗಿಸಬೇಕು. ಅಮಲಿನಲ್ಲಿ ಬಂದ ರಾತ್ರಿ ಮಾತು ಬೇಡ, ಬುದ್ಧಿವಾದ ಬೇಡ, ಅವನು ಸುರಕ್ಷಿತವಾಗಿದ್ದಾನಾ ಅಂತ ನೋಡಿ ಮಲಗಿ. ಎಬ್ಬಿಸಿದ್ರೂ ಏಳದಿದ್ರೆ, ಉಸಿರಾಟ ನಿಧಾನ ಆಗಿದ್ರೆ ಮಾತ್ರ ಒಂದು ಕ್ಷಣ ಕಾಯದೆ 108. ಮಾರನೇ ದಿನ ಅವನು ಮಾಡಿದ್ದಕ್ಕೆ ನೀವು ಹೋಗಿ ಸಮಜಾಯಿಷಿ ಕೊಡಬೇಡಿ. ಕಾಲೇಜಿಗೆ "ಜ್ವರ ಬಂದಿತ್ತು" ಅಂತ ಚೀಟಿ ಬರೆದುಕೊಡಬೇಡಿ.

ಮಾತು ಕೂಡ ಹಾಗೇ. "ನೀನು ನಮ್ಮ ಮಾನ ಕಳೆದೆ" ಅನ್ನೋದನ್ನ "ರಾತ್ರಿ ಹನ್ನೊಂದಾದ್ರೂ ನೀನು ಬರದೇ ಇದ್ದಾಗ ನನಗೆ ಹೆದರಿಕೆ ಆಗುತ್ತೆ" ಅಂತ ಹೇಳಿ ನೋಡಿ. ಮೊದಲನೇದಕ್ಕೆ ಅವನು ಎದುರುತ್ತರ ಕೊಡ್ತಾನೆ. ಎರಡನೇದಕ್ಕೆ ಎದುರುತ್ತರ ಹುಡುಕೋದು ಕಷ್ಟ.

ಓದ್ತಿರೋ ಬೇರೆಯವರಿಗೆ: ರಾತ್ರಿ ಹೊತ್ತಿನಲ್ಲಿ ಏನೂ ತೋಚದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮಾದಕ ವಸ್ತುಗಳ ಬಗ್ಗೆಯೇ ಕೇಳೋಕೆ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ಮನೆಯವರು ಮಾತ್ರ ಫೋನ್ ಮಾಡಿದ್ರೂ ಆಗುತ್ತೆ, ಮಗ ಒಪ್ಪೋವರೆಗೆ ಕಾಯಬೇಕಿಲ್ಲ.


ವಿಜಯನಗರದ ಅಪ್ಪ · ಭಾನುವಾರ

ಯಜಮಾನರು ನಿನ್ನೆ ಫೋನ್ ಮಾಡಿದ್ರು. ಅವರ ಅನುಮತಿ ತಗೊಂಡೇ ಇಷ್ಟು ಬರೀತಿದ್ದೀನಿ: ಒಂದೂವರೆ ಗಂಟೆ ಮಾತಾಡಿದ್ವಿ. ಅದರಲ್ಲಿ ಒಂದು ಗಂಟೆ ಪ್ಲೈವುಡ್ ವ್ಯಾಪಾರ. ಉಳಿದಿದ್ದು ಅವರೇ ಹೇಳ್ತಾರೆ.


ಕತ್ರಿಗುಪ್ಪೆ ಅಮ್ಮ · ಐದು ವಾರದ ನಂತರ

ಬರೀದೆ ಇದ್ದಿದ್ದಕ್ಕೆ ಕ್ಷಮಿಸಿ.

ಇವರು ಬಂದ್ರು. ಮೊದಲ ಸಲ ಮುಕ್ಕಾಲು ಗಂಟೇಲಿ ನಾಲ್ಕು ಮಾತು ಆಡಿರಬಹುದು. ಎರಡನೇ ಸಲ ಮೇಡಂ ಮಗನನ್ನ, "ಅಪ್ಪನಿಗೆ ಏನಾದ್ರೂ ಕೇಳಬೇಕು ಅಂತ ಇದ್ಯಾ?" ಅಂದರು. ಇವರು ಸೇದೋದು, ಕುಡಿಯೋದು, ಹೊಡೆದಿದ್ದು ಏನಾದ್ರೂ ಬರುತ್ತೆ ಅಂತ ನಾನು ಅಂದ್ಕೊಂಡೆ. ಅವನು ಕೇಳಿದ್ದು, "ನಾನು ಸೈನ್ಸ್ ತಗೊಳ್ಳಲ್ಲ, ಅಂಗಡಿಗೆ ಬರ್ತೀನಿ ಅಂದಾಗ ಯಾಕೆ ನಕ್ಕಿದ್ರಿ?" ಇವರಿಗೆ ನಕ್ಕಿದ್ದು ನೆನಪೇ ಇರಲಿಲ್ಲ. ನನಗೂ ಇರಲಿಲ್ಲ. ಇವರು ಬಹಳ ಹೊತ್ತು ತಲೆ ಬಗ್ಗಿಸಿ ಕೂತಿದ್ರು. ಆಮೇಲೆ, "ನನ್ನ ಹಾಗೆ ಧೂಳಲ್ಲಿ ನಿಲ್ಲಬಾರದು ಅಂತ ಇತ್ತು ಕಣೋ" ಅಂದ್ರು. ಆ ಸುರುಳಿಗಳನ್ನ ಅವನು ಇವರ ಕಾರ್ಡಿನಲ್ಲೇ ಯಾಕೆ ಮಾಡ್ತಿದ್ದ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ.

ಎಲ್ಲ ಸರಿಹೋಗಿದೆ ಅಂತ ಬರೆದ್ರೆ ಸುಳ್ಳಾಗುತ್ತೆ. ಮೂರನೇ ವಾರ ಒಂದು ಸಲ ಸೇದಿ ಬಂದಿದ್ದ. ಇವರು ಎದ್ದು ನಿಂತ್ರು, ಮತ್ತೆ ಕೂತ್ರು. ಅವತ್ತು ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟ ಆಯ್ತೋ ಗೊತ್ತಿಲ್ಲ. ಟೆರೇಸಿನ ಶನಿವಾರ ನಿಂತಿದೆ, ಸಿಗರೇಟು ಪೂರ್ತಿ ನಿಂತಿಲ್ಲ, ಅದನ್ನ ಸೆಷನ್‌ನಲ್ಲಿ ಇವರೇ ಹೇಳ್ಕೊಂಡ್ರು. ಮಗಳೂ ಮಾತಾಡಿದಳು, ಅದು ಅವಳ ವಿಷಯ, ಇಲ್ಲಿ ಬರೆಯಲ್ಲ. ಭಾನುವಾರ ಬೆಳಗ್ಗೆ ಮಗ ಅಂಗಡಿಗೆ ಹೋಗಿ ಎರಡು ಗಂಟೆ ಸ್ಟಾಕ್ ಬರೀತಾನೆ. ಅವನಿಗೆ ಕೈಖರ್ಚು ಅಲ್ಲಿಂದಲೇ, ಲೆಕ್ಕದ ಪುಸ್ತಕದಲ್ಲಿ ಬರೆದು.

ಮುಂದಿನ ಗುರುವಾರ ನಮ್ಮತ್ತೆ ಬರಬೇಕು. ದುಡ್ಡು ಕೊಡೋ ವಿಷಯ ಮಾತಾಡೋದಿದೆ ಅಂತ ಅವರಿಗೆ ಹೇಳಿದ್ದೀವಿ. ಎರಡು ದಿನ ಮುನಿಸ್ಕೊಂಡಿದ್ದರು. ಇವತ್ತು ಬೆಳಗ್ಗೆ ಬೀರು ತೆಗೆದು ಎರಡು ಸೀರೆ ಮಂಚದ ಮೇಲೆ ಹರವಿಕೊಂಡು, ಅಲ್ಲಿಗೆ ಯಾವುದು ಉಟ್ಕೊಂಡು ಬರಲಿ ಅಂತ ಮೊಮ್ಮಗನನ್ನ ಕೇಳ್ತಿದ್ದರು. ಅವನು ಹಸಿರುದು ತೋರಿಸಿದ.